ನಾವು ಮಾಡಿದ ಓದುದೀಪ

ದೀಪವನ್ನು ಹೊತ್ತಿಸುವುದು ಸುಲಭ. ಬೆಳಕನ್ನು ಬೇಕಾದಲ್ಲಿ ಬೀಳಿಸುವುದು ಕಷ್ಟ. ಈ ಮಾತಿನ ನಿಜವನ್ನು ಕಳೆದ ಮಳೆಗಾಲದಲ್ಲಿ ನಾವು ನಮ್ಮ ಮನೆಯಲ್ಲಿಯೇ ಕಲಿತೆವು. ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಆ ವೃತ್ತಾಂತವನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ತಾಯಿಯವರಿಗೆ ಈಗ 78 ವರ್ಷ. ರಾತ್ರಿ ಊಟವಾದ ಮೇಲೆ ಚಾಪೆಯ ಮೇಲೆ ಕುಳಿತು, ವ್ಯಾಸಪೀಠದ ಮೇಲೆ ಭಾರತವನ್ನಿರಿಸಿಕೊಂಡು, ಒಂದು ಸಂಧಿಯನ್ನಾದರೂ ಓದದೆ ಅವರು ಮಲಗಿದವರಲ್ಲ. ಅದೇ ಕೋಣೆಯಲ್ಲಿ ಮರಿಮಗುವನ್ನು ಮಲಗಿಸಲಾರಂಭಿಸಿದ ಮೇಲೆ ದೊಡ್ಡ ದೀಪವನ್ನು ಬೇಗನೆ ಆರಿಸಬೇಕಾಯಿತು, ಓದು ನಿಂತಿತು. ಅವರು ಆ ವಿಷಯವನ್ನು ಯಾರೊಡನೆಯೂ ಆಡಲಿಲ್ಲ. ಪುಸ್ತಕದ ಮೇಲೆ ಕುಳಿತ ಧೂಳನ್ನು ಕಂಡು ನಾವೇ ತಿಳಿದುಕೊಂಡೆವು.

ಪೇಟೆಯಿಂದ ದೀಪವನ್ನು ತರುವುದಕ್ಕಿಂತ ನಾವೇ ಒಂದನ್ನು ಮಾಡಿಸಿಕೊಡಬೇಕೆಂಬ ಉತ್ಸಾಹ ಹುಟ್ಟಿತು. ಮೇಜಿನ ಮುಂದೆ ಕುಳಿತು ಅಳತೆಯಿಟ್ಟು ಚಿತ್ರ ಬರೆದೆವು. ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿ ಗೊಂಬೆಗಳನ್ನು ಮಾಡುವ ಆಲೆಮರದಲ್ಲಿಯೇ ಕಂಬವನ್ನೂ ಪೀಠವನ್ನೂ ಕಡೆಯಿಸಿ, ಕೆಂಪು ಅರಗಿನ ಬಣ್ಣವೇರಿಸಿ ತಂದೆವು. ಮೇಲೆ ಬಿಳಿಯ ಬಟ್ಟೆಯ ಷೇಡು. ನೋಡಿದವರೆಲ್ಲರೂ ಹೊಗಳಿದರು. ತಾಯಿಯವರೂ “ಬಹಳ ಚೆನ್ನಾಗಿದೆಯಪ್ಪಾ” ಎಂದರು. ನಮಗೆ ಅಷ್ಟೇ ಸಾಕಾಯಿತು.

ಒಂದು ರಾತ್ರಿ ನೀರಿಗೆಂದೆದ್ದು ಆ ಕೋಣೆಯ ಕಡೆ ನೋಡಿದೆವು. ಷೇಡಿನ ಅಂಚಿನಿಂದ ಯಾವುದೋ ಮದುವೆಯ ಲಗ್ನಪತ್ರಿಕೆಯೊಂದು ದಾರದಲ್ಲಿ ಜೋಲಾಡುತ್ತಿತ್ತು. ಅದರ ನೆರಳಿನಲ್ಲಿ ಮುಖವನ್ನಿರಿಸಿಕೊಂಡು ತಾಯಿಯವರು ಓದುತ್ತಿದ್ದರು. ಇದೇನೆಂದು ಕೇಳಿದಾಗ ಸಂಕೋಚದಿಂದ, “ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯುತ್ತೆ. ನೀನು ಅಷ್ಟು ಆಸೆಯಿಂದ ಮಾಡಿಸಿದ್ದೀಯೆ, ಹೇಗೆ ಹೇಳಲಿ?” ಎಂದರು.

ನಮಗೆ ನಾಚಿಕೆಯಾಯಿತು. ನಾವು ಕುರ್ಚಿಯಲ್ಲಿ ಕುಳಿತು ಅಳೆದಿದ್ದೆವು. ಅವರು ನೆಲದಲ್ಲಿ ಕುಳಿತು ಓದುವವರು. ಮರುದಿನ ಅಳೆದು ನೋಡಿದರೆ, ಸ್ಟೂಲಿನ ಮೇಲಿಟ್ಟ ದೀಪದ ಷೇಡಿನ ಕೆಳಗಣ ಅಂಚು ನೆಲದಿಂದ 29 ಅಂಗುಲವಿತ್ತು. ಅವರ ಕಣ್ಣಿದ್ದುದು 26 ಅಂಗುಲದಲ್ಲಿ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುವುದು, ಮಸೂರವು ಹಳದಿಗಟ್ಟಿ ಮಬ್ಬಾಗುವುದು. 20ರ ಪ್ರಾಯದವರ ಕಣ್ಣಿನೊಳಕ್ಕೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರವೇ 60ರವರಿಗೆ ದೊರೆಯುವುದು. ಮಬ್ಬಾದ ಮಸೂರದಲ್ಲಿ ಬೆಳಕು ಚದರುವುದರಿಂದ ಎದುರಿನ ಬಲ್ಬು ಅವರನ್ನು ಹೆಚ್ಚಾಗಿ ಬಾಧಿಸುವುದು. ಆದಕಾರಣ ವೃದ್ಧರಿಗೆ ಪುಟದ ಮೇಲೆ ಬೆಳಕು ಹೆಚ್ಚಾಗಬೇಕು. ಕಣ್ಣಿನ ಮೇಲೆ ಕಡಮೆಯಾಗಬೇಕು. ಇದಕ್ಕೆ ದೊಡ್ಡ ಬಲ್ಬು ಬೇಕಾಗಿಲ್ಲ. ಚಿಕ್ಕ ಬಲ್ಬಿನ ದೂರವನ್ನು ಅರ್ಧಕ್ಕಿಳಿಸಿದರೆ ಬೆಳಕು ಸುಮಾರು ನಾಲ್ಕು ಪಟ್ಟಾಗುವುದು.

ಈ ಸಲ ನಾವು ಮರಗೆಲಸದವರ ಬಳಿಗೆ ಓಡಲಿಲ್ಲ. ರಟ್ಟು, ಕತ್ತರಿ, ಗೋಂದುಗಳನ್ನು ತೆಗೆದುಕೊಂಡು ತಾಯಿಯವರ ಪಕ್ಕದಲ್ಲಿಯೇ ಕುಳಿತೆವು. ವ್ಯಾಸಪೀಠದ ಮಗ್ಗುಲಲ್ಲಿ ನೆಲದ ಮೇಲೆಯೇ ನಿಲ್ಲುವಂತೆ, ಅಂಚು 17 ಅಂಗುಲದಲ್ಲಿರುವಂತೆ ಮೊದಲನೆಯ ಮಾದರಿಯಾಯಿತು. ಹೊರಗಡೆ ಬೆಳಕು ತೂರದ ದಪ್ಪ ರಟ್ಟು, ಒಳಗಡೆ ಬಿಳಿಯ ಕಾಗದ. 5 ವಾಟಿನ ಎಲ್‌ಇಡಿ ಬಲ್ಬಿಗೂ ಬುಡದಲ್ಲಿ ಕಾವೇರುವುದರಿಂದ ಗಾಳಿಗೆಂದು ನೆತ್ತಿಯಲ್ಲಿ ರಂಧ್ರಗಳನ್ನು ಬಿಟ್ಟೆವು. ಆ ರಂಧ್ರಗಳಿಂದಲೇ ಬೆಳಕು ಮತ್ತೆ ಅವರ ಕಣ್ಣಿಗೆ ಬಿತ್ತು! ಎರಡನೆಯ ಮಾದರಿಯಲ್ಲಿ ರಂಧ್ರಗಳಿಂದ ಅರ್ಧ ಅಂಗುಲ ಮೇಲೆ ಒಂದು ಮುಚ್ಚಳವನ್ನು ಕೂಡಿಸಿದೆವು. ಬೆಳಕೇನೋ ಸರಿಹೋಯಿತು; ಆದರೆ ವಯರಿಗೆ ಸೆರಗು ತಗಲಿ ದೀಪ ಉರುಳಿತು. ಮೂರನೆಯದರಲ್ಲಿ ಹಳೆಯ ತಕ್ಕಡಿಯ ಒಂದು ಕಿಲೋಗ್ರಾಂ ತೂಕದ ಬಟ್ಟನ್ನು ಪೀಠದೊಳಗೆ ಬಿಗಿದೆವು. ಬೆರಳಿನ ಗಂಟುನೋವಿಗೆ ಚಿಕ್ಕ ಸ್ವಿಚ್ಚು ಆಗದೆಂದು, ಅಂಗೈಯಿಂದ ಒತ್ತಬಹುದಾದ ಅಗಲವಾದ ಸ್ವಿಚ್ಚನ್ನಿಟ್ಟೆವು.

ಅವರು “ಇನ್ನು ಸಾಕು” ಎಂದ ಮೇಲೆಯೇ ಅದೇ ಅಳತೆಯಲ್ಲಿ ತಗಡಿನ ಷೇಡನ್ನು ಮಾಡಿಸಿದೆವು. ಲೋಹವಾದುದರಿಂದ ಬಲ್ಲ ಎಲೆಕ್ಟ್ರಿಷಿಯನ್ನರ ಕೈಯಿಂದ ಅರ್ತಿಂಗ್ ತಂತಿಯನ್ನು ಅದಕ್ಕೆ ಬಿಗಿಸಿ, ಮೂರು ಕಡ್ಡಿಯ ಪ್ಲಗ್ಗನ್ನು ಹಾಕಿಸಿದೆವು. ಸ್ವತಃ ದೀಪ ಮಾಡುವವರು ಈ ಒಂದು ಕೆಲಸದಲ್ಲಿ ಮಾತ್ರ ಸಾಹಸಕ್ಕಿಳಿಯಬಾರದು.

ಹೊಸ ದೀಪವನ್ನು ಯಾರೂ ಹೊಗಳಿಲ್ಲ, ಕವುಚಿದ ಪಾತ್ರೆಯಂತಿದೆ. ಕೆಂಪು ದೀಪವು ನಡುಮನೆಯಲ್ಲಿ ಶೋಭಿಸುತ್ತಿದೆ. ಆದರೆ ರಾತ್ರಿ ಒಂಬತ್ತಾದ ಮೇಲೆ ಮರಿಮಗು ಕತ್ತಲೆಯಲ್ಲಿ ನಿದ್ರಿಸುತ್ತದೆ. ಎರಡು ಮಾರು ಆಚೆ ಪುಟದಷ್ಟೇ ಅಗಲದ ಬೆಳಕಿನಲ್ಲಿ ಮುತ್ತಜ್ಜಿಯ ಓದು ಸಾಗುತ್ತದೆ.

ಯೋಚಿಸಿದರೆ, ನಮ್ಮ ಮನೆಯಲ್ಲಿ ಸರಿಯಾದ ಮೊದಲ ಮಾದರಿಯನ್ನು ಮಾಡಿದವರು ನಾವಲ್ಲ. ದಾರದಲ್ಲಿ ಕಟ್ಟಿದ ಆ ಲಗ್ನಪತ್ರಿಕೆಯೇ ಅದು. ಹಿರಿಯರು ನಮ್ಮ ಮನಸ್ಸು ನೋಯಬಾರದೆಂದು ಬಾಯಿಂದ ಹೇಳದಿರುವುದನ್ನು ಹೀಗೆ ಕೈಯಿಂದ ಮಾಡಿಟ್ಟಿರುತ್ತಾರೆ. ನೋಡುವ ಕಣ್ಣು ನಮಗಿರಬೇಕು. ಆ ಪತ್ರಿಕೆಯನ್ನು ತಾಯಿಯವರು ಬಿಸಾಡಲಿಲ್ಲ. ಓದಿ ನಿಲ್ಲಿಸಿದ ಪುಟದ ಗುರುತಿಗಾಗಿ ಅದೀಗ ಭಾರತದೊಳಗಿದೆ. ದಿನದಿನಕ್ಕೂ ಮುಂದೆ ಸರಿಯುತ್ತಿದೆ.