ಎರಡು ಲಿಪಿಗಳು, ಒಂದು ಅಮಾನತು

ಪವಿತ್ರ ಕುರ್‌ಆನಿನ ಕೆಲವು ಅಧ್ಯಾಯಗಳನ್ನು ಅರಬಿ ಮೂಲ ಹಾಗೂ ಕನ್ನಡ ಅನುವಾದದೊಂದಿಗೆ ಕುಟುಂಬದವರಿಗೆ ತಲುಪಿಸಬೇಕೆಂಬ ಆಸೆಯಿಂದ ನಾನೊಂದು ಸಣ್ಣ ಜಾಲತಾಣವನ್ನು ರೂಪಿಸಿದೆ. ಡೇಟಾಬೇಸ್ ಇಲ್ಲದೆ, ಮೊದಲೇ ಸಿದ್ಧಪಡಿಸಿದ ಪುಟಗಳನ್ನಷ್ಟೇ ಕಳುಹಿಸುವ ಸ್ಟ್ಯಾಟಿಕ್ ಜಾಲತಾಣವದು. ಹಳೆಯ ಮೊಬೈಲಿನಲ್ಲೂ ಬೇಗನೆ ತೆರೆದುಕೊಳ್ಳುತ್ತದೆ. ಅಂದದ ಅಂಚು, ತಿಳಿ ಹಸಿರು ಬಣ್ಣಗಳನ್ನೆಲ್ಲ ಜೋಡಿಸಿ, ಹೆಮ್ಮೆಯಿಂದ ಅಮ್ಮನ ಕೈಗಿತ್ತೆ.

ಅಮ್ಮ ಕನ್ನಡಕ ಸರಿಪಡಿಸಿಕೊಂಡು ಫಾತಿಹಾ ಓದಿದರು. ಕೊನೆಯ ಸೂಕ್ತದ ಬಳಿ ಬೆರಳಿಟ್ಟು, "ಇಲ್ಲಿರುವುದು ಝಬರೋ, ಪೇಶೋ?" ಎಂದು ಕೇಳಿದರು. ಬಳಿಕ ಮೆಲ್ಲನೆ, "ನನಗೆ ಕಂಠಪಾಠವಿದೆ, ತಪ್ಪಲಿಲ್ಲ. ಹೊಸದಾಗಿ ಕಲಿಯುವ ಮಗು ಏನೆಂದು ಓದೀತು?" ಎಂದರು.

ನಾನು ತಬ್ಬಿಬ್ಬಾದೆ. ಅಲ್ಲಿನ 'ಅನ್‌ಅಮ್‌ತ' ಎಂಬ ಪದಕ್ಕೆ 'ನೀನು ಅನುಗ್ರಹಿಸಿದೆ' ಎಂದರ್ಥ. ಕೊನೆಯ ಝಬರನ್ನು ಪೇಶ್ ಎಂದು ಓದಿದರೆ ಅದು 'ಅನ್‌ಅಮ್‌ತು', ಅಂದರೆ 'ನಾನು ಅನುಗ್ರಹಿಸಿದೆ' ಎಂದಾಗುತ್ತದೆ. ಅಲ್ಲಾಹನ ಮುಂದೆ ಬೇಡುತ್ತಿರುವ ದಾಸನೇ ಅನುಗ್ರಹಿಸುವವನಾಗಿಬಿಡುತ್ತಾನೆ!

ತಪ್ಪು ನನ್ನದೇ. ಕನ್ನಡಕ್ಕಿಟ್ಟ ಸಾಲಿನ ಅಂತರವನ್ನೇ ಅರಬಿಗೂ ಇಟ್ಟಿದ್ದೆ. ಕನ್ನಡದ ಒತ್ತಕ್ಷರಗಳು ಕೆಳಗೆ ಸ್ಥಳ ಬೇಡುತ್ತವೆ. ಅರಬಿಯ ಸ್ವರಚಿಹ್ನೆಗಳು ಮೇಲೆಯೂ ಕೆಳಗೆಯೂ ಬೇಡುತ್ತವೆ. ಜಾಗ ಸಾಲದೆ ಒಂದು ಸಾಲಿನ ಝೇರ್ ಮುಂದಿನ ಸಾಲಿನ ಝಬರಿನೊಡನೆ ಬೆರೆತುಹೋಗಿತ್ತು. ಚೆಲುವಿಗೆಂದು ಅಕ್ಷರಗಳ ನಡುವೆ ಸೇರಿಸಿದ್ದ ಅಂತರವು, ಕೂಡಿಕೊಂಡೇ ಬರೆಯಬೇಕಾದ ಅರಬಿ ಅಕ್ಷರಗಳನ್ನು ಬಿಡಿಬಿಡಿಯಾಗಿಸಿತ್ತು. ಬಲದಿಂದ ಎಡಕ್ಕೆ ಎಂಬ ದಿಕ್ಕನ್ನು ಸೂಚಿಸದ ಕಾರಣ ಸೂಕ್ತದ ಸಂಖ್ಯೆ ತಪ್ಪು ತುದಿಗೆ ಹಾರಿತ್ತು.

ಆ ರಾತ್ರಿ ನೆನಪಾದವರು ಅಬುಲ್ ಅಸ್ವದ್ ಅದ್ದುಅಲೀ. ಅರಬೇತರರು ಇಸ್ಲಾಮಿಗೆ ಬಂದಾಗ ಓದಿನಲ್ಲಿ ತಪ್ಪುಗಳಾಗುವುದನ್ನು ಕಂಡು, ಅವರು ಬೇರೆ ಬಣ್ಣದ ಶಾಯಿಯಲ್ಲಿ ಚುಕ್ಕಿಗಳನ್ನಿಟ್ಟು ಸ್ವರಗಳನ್ನು ಗುರುತಿಸಿದರೆಂದು ಪರಂಪರೆ ಹೇಳುತ್ತದೆ. ಇಂದಿನ ಚಿಹ್ನೆಗಳ ರೂಪಕ್ಕೆ ಖಲೀಲ್ ಬಿನ್ ಅಹ್ಮದ್ ಕಾರಣರೆನ್ನಲಾಗುತ್ತದೆ. ಅವರು ನಮ್ಮಂಥ ಅರಬೇತರ ಓದುಗರಿಗಾಗಿ ಶ್ರಮಿಸಿ ಒಪ್ಪಿಸಿದ ಅಮಾನತನ್ನು ನಾನು ಅಲಂಕಾರದ ಹೆಸರಿನಲ್ಲಿ ಅಳಿಸಿದ್ದೆ.

ಮರುದಿನ ಎರಡು ಭಾಷೆಗಳಿಗೂ ಬೇರೆ ಬೇರೆ ನಿಯಮಗಳನ್ನು ಬರೆದೆ. ಅರಬಿಗೆ ಅಮೀರಿ ಫಾಂಟು, ದೊಡ್ಡ ಗಾತ್ರ, ಎರಡು ಪಟ್ಟಿಗೂ ಮಿಕ್ಕ ಸಾಲಿನ ಎತ್ತರ. ಕನ್ನಡಕ್ಕೆ ನೋಟೋ ಫಾಂಟು. ಪ್ರತಿ ಭಾಗಕ್ಕೂ ಅದರದೇ ಭಾಷೆ ಮತ್ತು ದಿಕ್ಕಿನ ಗುರುತು. ಮೊಬೈಲಿನಲ್ಲಿ ಎರಡನ್ನೂ ಅಕ್ಕಪಕ್ಕ ಇಕ್ಕಟ್ಟಿನಲ್ಲಿಡದೆ, ಸೂಕ್ತದ ಕೆಳಗೇ ಅದರ ಅನುವಾದ ಬರುವಂತೆ ಮಾಡಿದೆ. ಅಂಚಿನ ಅಲಂಕಾರವನ್ನು ತೆಗೆದುಹಾಕಿದೆ.

ಅಮ್ಮ ಮತ್ತೆ ಓದಿದರು. ಈ ಸಲ ಬೆರಳು ಎಲ್ಲೂ ನಿಲ್ಲಲಿಲ್ಲ. ಪುಟದ ಅಂದದ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಅನುವಾದದವರೆಗೂ ಓದಿ, ಅರ್ಥದ ಬಗ್ಗೆ ಮಾತನಾಡಿದರು. ನನಗೆ ಬೇಕಾಗಿದ್ದುದೂ ಅದೇ.

ಪ್ರಿಯ ಓದುಗರೇ, ದೀನಿನ ಸಂದೇಶವನ್ನು ಹಂಚುವ ಮುನ್ನ ಅದನ್ನೊಮ್ಮೆ ಮನೆಯ ಹಿರಿಯರಿಗೂ ಮಕ್ಕಳಿಗೂ ಓದಲು ಕೊಡಿ. ನಮ್ಮ ಕೆಲಸಗಳಲ್ಲಿ ಅಲ್ಲಾಹನು ಇಹ್ಸಾನನ್ನು ಕರುಣಿಸಲಿ, ಆಮೀನ್.