ಅರಗಿನ ತಟ್ಟೆಯಿಂದ ಮರಳಿದ ನಾದ

ಮಂಗಳೂರಿನ ಬಾವುಟಗುಡ್ಡೆಯನ್ನೇರಿ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಹೊಕ್ಕವರ ಕಣ್ಣು ಗೋಡೆ, ಮಾಡುಗಳಲ್ಲೇ ನೆಡುವುದು. ಇಟಲಿಯ ಮೊಸ್ಕೆನಿ 1899ರಲ್ಲಿ ಬರೆಯತೊಡಗಿದ ಆ ಚಿತ್ರಗಳು ತೇವಕ್ಕೆ ಮಾಸಿ, 1990ರ ದಶಕದಲ್ಲಿ ಶುದ್ಧಿಗೊಂಡು ಮರಳಿ ಬೆಳಗಿದವು.

ಚಿತ್ರಕ್ಕೊದಗಿದ ಈ ಮರುಹುಟ್ಟು ನಾದಕ್ಕೂ ಉಂಟು. ರಷ್ಯದ ನಿಕೊಲಾಯ್ ಮೆಟ್ನರ್ 1947ರಲ್ಲಿ ಲಂಡನಿನ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತಮ್ಮ ಮೂರು ಪಿಯಾನೋ ಕಾನ್ಸರ್ಟೊಗಳನ್ನು ಗ್ರಾಮಫೋನ್ ತಟ್ಟೆಗಳಿಗಾಗಿ ನುಡಿಸಿದರು. ಅರಗಿನ ತಟ್ಟೆ, ಒಂದೊಂದು ಬದಿಗೆ ಸುಮಾರು ನಾಲ್ಕೇ ನಿಮಿಷ. ಅವರಿಗೆ ಹೃದ್ರೋಗ, ಹಣದ ಅಡಚಣೆ. ವೆಚ್ಚ ವಹಿಸಿದವರು ಮೈಸೂರಿನ ಜಯಚಾಮರಾಜ ಒಡೆಯರು. ಮೂರನೆಯ ಕಾನ್ಸರ್ಟೊ ಅವರಿಗೇ ಅರ್ಪಿತ. 1951ರಲ್ಲಿ ಮೆಟ್ನರ್ ತೀರಿಕೊಂಡರು. 1956ರಲ್ಲಿ ಮಂಗಳೂರು ಮೈಸೂರು ರಾಜ್ಯವನ್ನು ಸೇರಿದಾಗ ಒಡೆಯರೇ ಅದರ ರಾಜ್ಯಪಾಲರಾದರು.

ಆ ತಟ್ಟೆಗಳ ನಾದವೀಗ ಸಿ.ಡಿ.ಗಿಳಿದಿದೆ. ಇಂತಹ ಕೆಲಸದಲ್ಲಿ ತಟ್ಟೆಯನ್ನು ತೊಳೆದು, ಚಟಪಟ ಸದ್ದನ್ನು ಕಳೆದು, ನಾಲ್ಕು ನಿಮಿಷದ ತುಂಡುಗಳನ್ನು ಬೆಸೆಯುವರು. ಸದ್ದನ್ನು ಪೂರಾ ಅಳಿಸಹೊರಟರೆ ಪಿಯಾನೋದ ಉಸಿರೂ ಅಳಿಯುವುದು. ಬಲ್ಲವರು ಕೊಂಚ ಗರಗರವನ್ನು ಉಳಿಸುವರು.

ಆಷಾಢದ ಸಂಜೆ, ಮಂಗಳೂರು ಹೆಂಚಿನ ಮಾಡಿನಡಿ ಕುಳಿತು ಆಲಿಸಿದರೆ ಆ ಗರಗರ ಮಳೆಯಲ್ಲಿ ಕರಗಿಹೋಗುತ್ತದೆ. ಎಂದೋ ತೀರಿಹೋದವರ ಬೆರಳುಗಳಷ್ಟೇ ಕೇಳಿಸುತ್ತವೆ.