ಬಂಡಿಯ ಪಟ್ಟಾ, ಹಿಮದ ಟೈರು

ಹೊಸಪೇಟೆಯವನಿಗೂ ಹಿಮಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಕಡೆ ಚಳಿಗಾಲವೆಂದರೆ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೊರಡುವುದು, ಮನೆಗೆ ಬರುವಾಗ ಅದನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬರುವುದು, ಅಷ್ಟೇ. ಅಂಥ ಊರಿನ ನಾನು ಮತ್ತು ನನ್ನ ಮನೆಯವರು 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಆ ಊರಿನ ಜನ ಶನಿವಾರ ಬಂತೆಂದರೆ ಸಾಕು, ಕಾರಿನ ತಲೆಯ ಮೇಲೆ ಉದ್ದುದ್ದ ಹಲಗೆ ಕಟ್ಟಿಕೊಂಡು ಬೆಟ್ಟದ ಕಡೆ ಹೊರಟುಬಿಡುತ್ತಾರೆ.

ಆ ಹಲಗೆಗಳೇ ಸ್ಕೀ. ಅಂಗೈ ಅಗಲ, ಹೆಚ್ಚುಕಡಿಮೆ ಆಳುದ್ದ. ಒಂದೊಂದು ಕಾಲಿಗೆ ಒಂದೊಂದನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ನಮ್ಮ ದೇಶದಲ್ಲೂ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಯಲ್ಲಿ ಈ ಆಟ ಆಡುತ್ತಾರೆ. ಡೆನ್ವರ್ ಪಟ್ಟಣ ಸಮುದ್ರಮಟ್ಟದಿಂದ 1,609 ಮೀಟರ್, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ರಾಕಿ ಪರ್ವತಗಳೊಳಗೆ ನುಗ್ಗುವ ಐ-70 ಎಂಬ ಹೆದ್ದಾರಿ ಐಸೆನ್‌ಹೋವರ್ ಸುರಂಗದ ಹತ್ತಿರ 3,400 ಮೀಟರ್ ಮುಟ್ಟುತ್ತದೆ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತಲೆಯ ಮೇಲೆ ಅದರ ಮುಕ್ಕಾಲು ಪಾಲಿನ ಇನ್ನೊಂದು ಬೆಟ್ಟ ಇಟ್ಟರೆ ಎಷ್ಟಾದೀತೋ ಅಷ್ಟು! ಅಷ್ಟೆತ್ತರಕ್ಕೆ, ಹಿಮ ಬಿದ್ದ ರಸ್ತೆಯಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕು.

ಮಗ ಮತ್ತು ಸೊಸೆ ತಮ್ಮ ಎಸ್‌ಯುವಿಯನ್ನು ಅದಕ್ಕಾಗಿ ಸಜ್ಜು ಮಾಡುವುದನ್ನು ನಾನು ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ನೋಡುತ್ತ ನೋಡುತ್ತ ನನಗೆ ನಮ್ಮ ಅಜ್ಜ ನೆನಪಾದ. ಕಂಪ್ಲಿ ಹತ್ತಿರದ ನಮ್ಮ ಹಳ್ಳಿಯಿಂದ ಹಂಪಿ ಜಾತ್ರೆಗೆ ಹೊರಡುವ ಮುಂಚೆ ಅಜ್ಜ ಬಂಡಿ ಕಟ್ಟುತ್ತಿದ್ದುದೂ ಹೀಗೆಯೇ. ಮೊದಲು ತಲೆಯ ಮೇಲಿನ ಹೊರೆ, ಆಮೇಲೆ ಕಾಲಡಿಯ ಗಾಲಿ. ಇವೆರಡು ಸರಿಯಿದ್ದರೆ ನಡುವೆ ಕೂತವರು ಕ್ಷೇಮ.

ಹೊರೆಯ ಲೆಕ್ಕ ನನ್ನ ಕೈಗೆ ಬಂತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕ ಕಂಡರೆ ಸುಮ್ಮನಿರಲು ಆಗುವುದಿಲ್ಲ. ನಾವು ಆರು ಜನ ಒಳಗೆ ಕೂತರೆ ಹಲಗೆಗಳಿಗೆ ಜಾಗವಿಲ್ಲ, ಅವು ಛಾವಣಿ ಏರಲೇಬೇಕು. ಛಾವಣಿಯ ಎರಡೂ ಅಂಚಿನಲ್ಲಿ ಉದ್ದಕ್ಕೆ ಕಂಬಿಗಳಿರುತ್ತವೆ. ಅವಕ್ಕೆ ಎರಡು ಅಡ್ಡಪಟ್ಟಿ ಬಿಗಿದು, ಅದರ ಮೇಲೆ ಮೊಸಳೆಯ ಬಾಯಿಯಂತೆ ತೆರೆದು ಮುಚ್ಚುವ ಹಿಡಿಕೆಗಳನ್ನು ಕೂರಿಸುತ್ತಾರೆ. ಹಿಡಿಕೆಯ ಒಳಗೆ ರಬ್ಬರಿನ ಮೆತ್ತೆ. ಸ್ಕೀಗಳ ಬಾಗಿದ ತುದಿ ಹಿಂದಕ್ಕೆ ಬರುವಂತೆ ಇಡಬೇಕು. ಮುಂದಕ್ಕಿದ್ದರೆ ಗಾಳಿ ಆ ಬಾಗಿನ ಕೆಳಗೆ ನುಗ್ಗಿ ಎತ್ತಲು ನೋಡುತ್ತದೆ.

ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಛಾವಣಿ ಎಷ್ಟು ತೂಕ ಹೊರಬಹುದೆಂದು ಬರೆದಿರುತ್ತದೆ. ಮಗನ ಗಾಡಿಗೆ 75 ಕಿಲೋ. ಅಡ್ಡಪಟ್ಟಿ ಮತ್ತು ಹಿಡಿಕೆಗಳ ತೂಕವೂ ಈ ಲೆಕ್ಕದೊಳಗೇ ಬರಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ನಮ್ಮದು ಪಟ್ಟಿ, ಹಿಡಿಕೆ ಸೇರಿ 10 ಕಿಲೋ. ನಾಲ್ಕು ಜೊತೆ ಸ್ಕೀ, ಜೊತೆಗೆ 6ರಂತೆ 24. ಒಟ್ಟು 34.

"ಹಂಗಾದ್ರೆ ಇನ್ನೂ 41 ಕಿಲೋ ಬಾಕಿ ಇದೆ ತಾತ! ಸೂಟ್‌ಕೇಸೂ ಮೇಲೇ ಇಡೋಣ" ಎಂದಳು ಎಂಟು ವರ್ಷದ ಮೊಮ್ಮಗಳು.

"ಮಿತಿ ಇದೆ ಅಂತ ಮಿತಿಯ ತುದಿಯವರೆಗೂ ಹೋಗಬಾರದು ಕಣಮ್ಮ" ಎಂದೆ. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ತೆಗೆದುಕೊಂಡವರಿಗೆ ನಾನು ಹೇಳುತ್ತಿದ್ದ ಮಾತೇ ಅದು.

ಹುಲ್ಲಿನ ಬಂಡಿ ಹೋಗುವುದನ್ನು ನೋಡಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಹೊರೆ ಮೇಲೆ ಏರಿದಷ್ಟೂ ತಿರುವಿನಲ್ಲಿ ಬಂಡಿ ವಾಲುತ್ತದೆ. ಅದಕ್ಕೇ ಅಜ್ಜ ಜೋಳದ ಚೀಲವನ್ನು ಬಂಡಿಯ ತಳಕ್ಕೆ ಹಾಕಿ, ಹಗುರವಾದ ಚಾಪೆ, ಹಾಸಿಗೆ ಮೇಲಿಡುತ್ತಿದ್ದ. ಭಾರ ಮುಂದಾದರೆ ಎತ್ತಿನ ಕತ್ತು ನೋಯುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ನೊಗವನ್ನು ಕೈಯಲ್ಲಿ ಎತ್ತಿ ನೋಡಿ, ಸರಿತೂಕ ಬಂತೆನ್ನುವವರೆಗೂ ಚೀಲಗಳನ್ನು ಜರುಗಿಸುತ್ತಿದ್ದ. ಡೆನ್ವರ್‌ನಲ್ಲೂ ಭಾರದ ಬೂಟುಗಳು, ಸೂಟ್‌ಕೇಸುಗಳು ಗಾಡಿಯ ತಳಕ್ಕೇ ಹೋದವು.

ಇನ್ನು ಟೈರು. ಕಾರಿನ ಒಂದೊಂದು ಟೈರು ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಆರು ಜನರ ಜೀವ ನಾಲ್ಕು ಅಂಗೈ ಜಾಗದ ಮೇಲೆ ನಿಂತಿರುತ್ತದೆ. ಸಾಮಾನ್ಯ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಚಳಿ ಇಳಿದರೆ ಗಡಸಾಗುತ್ತ ಹೋಗುತ್ತದೆ. ಗಡಸು ರಬ್ಬರು ರಸ್ತೆಯನ್ನು ಕಚ್ಚಿ ಹಿಡಿಯುವುದಿಲ್ಲ. ಚಳಿಗಾಲದ ಟೈರಿನ ರಬ್ಬರಿನ ಪಾಕವೇ ಬೇರೆ, ಅದು ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈತುಂಬ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳಿದ್ದು, ಹಿಮವನ್ನು ಕಚ್ಚುವುದು ಆ ಸೀಳುಗಳೇ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳಿನ ಗುರುತು ಇರುತ್ತದೆ.

ಗಾಳಿಯ ವಿಷಯವೂ ಸ್ವಾರಸ್ಯವಾದದ್ದು. ಚಳಿಗೆ ಟೈರಿನೊಳಗಿನ ಗಾಳಿ ಕುಗ್ಗುತ್ತದೆ. ಉಷ್ಣತೆ ಐದೂವರೆ ಡಿಗ್ರಿ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆ. 15 ಡಿಗ್ರಿಯ ಗ್ಯಾರೇಜಿನಲ್ಲಿ ಸರಿಯಾಗಿ ಗಾಳಿ ತುಂಬಿದ ಟೈರು, ಸೊನ್ನೆಗಿಂತ 15 ಡಿಗ್ರಿ ಕೆಳಗಿರುವ ಬೆಟ್ಟದ ಮೇಲೆ ಐದಾರು ಪಿಎಸ್‌ಐ ಕಳೆದುಕೊಂಡಿರುತ್ತದೆ. ಯಾರೂ ತೂತು ಮಾಡಿಲ್ಲ, ಆದರೂ ಗಾಳಿ ಕಮ್ಮಿ!

ಆ ರಾಜ್ಯದಲ್ಲಿ ಇದಕ್ಕೆಲ್ಲ ಕಾನೂನೂ ಇದೆ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಐ-70ರ ಬೆಟ್ಟದ ಭಾಗದಲ್ಲಿ ಹೋಗುವ ಗಾಡಿಗಳ ಟೈರಿನ ಗೀರು ಕನಿಷ್ಠ 3/16 ಇಂಚು, ಅಂದರೆ ಸುಮಾರು 4.8 ಮಿಲಿಮೀಟರ್ ಆಳ ಇರಬೇಕು. ನಾಲ್ಕು ಗಾಲಿಗೂ ಎಂಜಿನ್ನಿನ ಶಕ್ತಿ ಹೋಗುವ ಗಾಡಿಗೂ ಇದರಿಂದ ವಿನಾಯಿತಿ ಇಲ್ಲ. ನಿಯಮ ಮುರಿದು ಜಾರಿ ರಸ್ತೆಗೆ ಅಡ್ಡ ನಿಂತರೆ ಐನೂರು ಡಾಲರ್ ಮೀರಿದ ದಂಡ.

ಹೊಸ ಚಳಿಗಾಲದ ಟೈರುಗಳನ್ನು ಹಾಕಿಸಲು ಅಂಗಡಿಯಲ್ಲಿ ಸಿಕ್ಕಿದ್ದು ಮುಂದಿನ ಬುಧವಾರ. ಪ್ರವಾಸ ಇದ್ದದ್ದು ಅದಕ್ಕೂ ಮೊದಲಿನ ಶನಿವಾರ. ಹಳೆಯ ಟೈರಿನಲ್ಲೇ ಒಂದು ಸಲ ಹೋಗಿಬರುವುದೆಂದು ಮಾತಾಗಿತ್ತು. ಶುಕ್ರವಾರ ಸಂಜೆ ಹನ್ನೆರಡು ವರ್ಷದ ಮೊಮ್ಮಗ ಒಂದು ಸೆಂಟಿನ ನಾಣ್ಯ ಹಿಡಿದು ಗ್ಯಾರೇಜಿಗೆ ಬಂದ. 1959ರಿಂದ 2008ರವರೆಗೆ ಟಂಕಿಸಿದ ಆ ನಾಣ್ಯದ ಹಿಂಬದಿಯಲ್ಲಿ ಲಿಂಕನ್ ಸ್ಮಾರಕ ಭವನದ ಚಿತ್ರವಿದೆ. ನಾಣ್ಯವನ್ನು ತಲೆಕೆಳಗಾಗಿ ಟೈರಿನ ಗೀರಿಗೆ ಇಳಿಸಬೇಕು. ಭವನದ ಮಾಳಿಗೆ ಗೀರಿನಲ್ಲಿ ಮುಚ್ಚಿಹೋದರೆ 3/16 ಇಂಚಿಗಿಂತ ಹೆಚ್ಚು ಆಳ ಇದೆ ಎಂದರ್ಥ. ಹಿಂದಿನ ಎರಡು ಟೈರು ಪಾಸಾದವು. ಮುಂದಿನ ಎರಡರಲ್ಲೂ ಮಾಳಿಗೆ ಹೊರಗೇ ಕಾಣುತ್ತಿತ್ತು.

"ನಾಲ್ಕೂ ಗಾಲಿಗೆ ಪವರ್ ಇದೆ, ನಿಧಾನಕ್ಕೆ ಹೋದರಾಯಿತು" ಎಂದ ಮಗ.

"ಪವರ್ ಇದ್ದರೆ ಗಾಡಿ ಹೊರಡುತ್ತೆ, ಸರಿ. ನಿಲ್ಲಬೇಕಲ್ಲ?" ಎಂದಳು ಸೊಸೆ.

ಗ್ಯಾರೇಜಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಸ್ಕೀಗಳನ್ನು ಆಗಲೇ ಛಾವಣಿಗೆ ಬಿಗಿದಾಗಿತ್ತು. ಮಕ್ಕಳ ಸ್ಕೀ ಬಾಡಿಗೆಯವು, ಅವಕ್ಕೆ ಕೊಟ್ಟ ದುಡ್ಡು ವಾಪಸ್ಸು ಬರುವಂಥದ್ದಲ್ಲ. ಮೊಮ್ಮಗಳು ಹೊಸ ಟೋಪಿ ಹಾಕಿಕೊಂಡೇ ಓಡಾಡುತ್ತಿದ್ದಳು. ಸೊಸೆ ನನ್ನ ಕಡೆ ತಿರುಗಿ, "ನೀವೇನಂತೀರಿ ಮಾವ?" ಎಂದಳು. ನಾನು ಅವರಿಗೆ ಅಜ್ಜನ ಕಥೆ ಹೇಳಿದೆ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ಚೈತ್ರ ಮಾಸದ ಹುಣ್ಣಿಮೆಗೆ ವಿರೂಪಾಕ್ಷಸ್ವಾಮಿಯ ತೇರು. ಹಿಂದಿನ ದಿನ ಸಂಜೆ ಊರಿನ ಬಂಡಿಗಳೆಲ್ಲ ಸಾಲಾಗಿ ನಿಂತಿದ್ದವು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ನಮ್ಮ ಬಂಡಿ ಏರಿತ್ತು. ಅಜ್ಜ ಕೊನೆಗೊಮ್ಮೆ ಅಚ್ಚಿಗೆ ಎಣ್ಣೆ ಹಾಕಿ, ಗಾಲಿ ಕಳಚದಂತೆ ಹಿಡಿಯುವ ಕಡಾಣಿ ನೋಡಿ, ಒಂದು ಕಲ್ಲು ತೆಗೆದುಕೊಂಡು ಗಾಲಿಯ ಸುತ್ತಿನ ಕಬ್ಬಿಣದ ಪಟ್ಟಾಕ್ಕೆ ಬಡಿದ. ಬಿಗಿ ಇದ್ದ ಪಟ್ಟಾ ಟಣ್ ಎನ್ನಬೇಕು. ಬಲಗಾಲಿಯದು ಡಬ್ ಎಂದಿತು.

ಆ ಪಟ್ಟಾ ಕೂರಿಸುವುದೇ ಒಂದು ವಿಜ್ಞಾನ. ಕಟ್ಟಿಗೆಯ ಗಾಲಿಗಿಂತ ಕೊಂಚ ಚಿಕ್ಕದಾಗಿ ಬಳೆ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದಾಗ ಕಬ್ಬಿಣ ಹಿಗ್ಗುತ್ತದೆ. ಆಗ ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಆದರೆ ನಮ್ಮ ಸೀಮೆಯ ಬಿಸಿಲಿಗೆ ಕಟ್ಟಿಗೆ ಒಣಗಿ ಸಣ್ಣಗಾದಾಗ ಅದೇ ಪಟ್ಟಾ ಸಡಿಲ. ದಾರಿಯಲ್ಲಿ ಪಟ್ಟಾ ಕಳಚಿತೆಂದರೆ ಗಾಲಿ ಬಿಚ್ಚಿಕೊಂಡು ಬಂಡಿ ಮಗುಚುತ್ತದೆ.

"ಪಟ್ಟಾ ಸಡ್ಲಾಗೈತಿ. ಇವತ್ತು ಬಂಡಿ ಹೊರಡಂಗಿಲ್ಲ" ಎಂದ ಅಜ್ಜ. ಅಷ್ಟೇ ಮಾತು. ಉಳಿದ ಬಂಡಿಗಳು ಗೆಜ್ಜೆ ಸದ್ದು ಮಾಡುತ್ತ ಹೊರಟವು. ನಾವು ಮಕ್ಕಳು ಅತ್ತೆವು. ಅಜ್ಜ ಎರಡೂ ಗಾಲಿ ಬಿಚ್ಚಿ ಉರುಳಿಸಿಕೊಂಡು ಹೋಗಿ ಕಾಲುವೆಯ ನೀರಿನಲ್ಲಿ ಮಲಗಿಸಿದ. ರಾತ್ರಿಯೆಲ್ಲ ನೀರು ಕುಡಿದ ಕಟ್ಟಿಗೆ ಉಬ್ಬಿತು. ಬೆಳಗಿನ ಜಾವ ಕಲ್ಲಿನಿಂದ ಬಡಿದರೆ ಟಣ್! ತೇರು ಎಳೆಯುವ ಹೊತ್ತಿಗೆ ನಾವು ಹಂಪಿ ಬಜಾರಿನ ತುದಿ ಮುಟ್ಟಿದೆವು. ಜನಜಂಗುಳಿಯ ತಲೆಗಳ ಮೇಲೆ ನಮಗೆ ಕಂಡದ್ದು ತೇರಿನ ಕಳಸ ಮಾತ್ರ. ದಾರಿಯಲ್ಲಿ ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಂಡದ್ದೇ ಅಜ್ಜನ ಕೆಲಸ. ಆದರೆ ಆಗದೇ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಅದಕ್ಕೇ ಆ ಕೆಲಸಕ್ಕೆ ಶಾಭಾಸ್ ಸಿಗುವುದು ಕಡಿಮೆ.

ಕಥೆ ಮುಗಿಯುವಷ್ಟರಲ್ಲಿ ಮಗ ಸುಮ್ಮನೆ ಸ್ಟೂಲು ಹತ್ತಿ ಸ್ಕೀಗಳನ್ನು ಬಿಚ್ಚತೊಡಗಿದ್ದ. ಮೊಮ್ಮಗಳು ಊಟ ಮಾಡದೆ ಮಲಗಿದಳು. ಅವಳನ್ನು ಸಮಾಧಾನ ಮಾಡಲು ಅಜ್ಜಿಯ ಸಕ್ಕರೆ ದೋಸೆಗೂ ಆಗಲಿಲ್ಲ. ನಾಣ್ಯ ಹಿಡಿದು ಪರೀಕ್ಷೆ ಮಾಡಿದ ಅಣ್ಣನ ಜೊತೆ ಎರಡು ದಿನ ಮಾತು ಬಿಟ್ಟಳು.

ಬುಧವಾರ ನಾಲ್ಕೂ ಟೈರು ಬದಲಾದವು. ಎರಡೇ ಹಾಕಿಸಿದರೆ ಮುಂದಿನದೊಂದು ಕಡೆ, ಹಿಂದಿನದೊಂದು ಕಡೆ ಎಳೆಯುತ್ತದೆಂದು ನಾಲ್ಕೂ ಒಂದೇ ಬಗೆಯವು. ಆ ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಬೆಟ್ಟದ ರಸ್ತೆ ಹೊಸ ಹಿಮದಿಂದ ಬೆಳ್ಳಗಿತ್ತು. ಒಂದು ತಿರುವು ದಾಟುತ್ತಲೇ ಮುಂದಿನ ಗಾಡಿಗಳ ಕೆಂಪು ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಮಗ ಮೆತ್ತಗೆ ಬ್ರೇಕ್ ಒತ್ತಿದ. ನನ್ನ ಕೈ ತಾನಾಗಿ ಮುಂದಿನ ಸೀಟನ್ನು ಹಿಡಿದಿತ್ತು. ಗಾಡಿ ಕರಕರ ಸದ್ದು ಮಾಡುತ್ತ ನೇರವಾಗಿ ಹೋಗಿ, ಮುಂದಿನದಕ್ಕಿಂತ ಎರಡು ಮಾರು ಹಿಂದೆ ನಿಂತಿತು. ಆಚೆ ಒಂದು ಕಾರು ಜಾರಿ, ರಸ್ತೆ ಬದಿಯ ಹಿಮದ ರಾಶಿಯಲ್ಲಿ ಮೂತಿ ತೂರಿಸಿಕೊಂಡಿತ್ತು. ಅದರಲ್ಲಿದ್ದವರಿಗೆ, ಪುಣ್ಯಕ್ಕೆ, ಏನೂ ಆಗಿರಲಿಲ್ಲ. ಮೊಮ್ಮಗಳು ಕಿಟಕಿಯಿಂದ ಅದನ್ನು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು. ಮಾತೇನೂ ಆಡಲಿಲ್ಲ, ತನ್ನ ಚಾಕೊಲೇಟಿನಲ್ಲಿ ಅರ್ಧ ಮುರಿದು ಕೊಟ್ಟಳು.

ನಮ್ಮೂರಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಳೆಗಾಲದಲ್ಲಿ ಸಂಡೂರಿನ ಬೆಟ್ಟದ ಕೆಂಪು ಕೆಸರು ಹಿಮಕ್ಕಿಂತ ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಕಾದ ಡಾಂಬರಿನ ಮೇಲೆ ಗಾಳಿ ಕಮ್ಮಿಯಾದ ಹಳೆ ಟೈರು ಸಿಡಿಯುವುದುಂಟು. ಆದ್ದರಿಂದ ಮಕ್ಕಳೇ, ಈ ರಜೆಯಲ್ಲಿ ಎಲ್ಲಿಗಾದರೂ ಹೊರಡುವ ಮುಂಚೆ ಅಜ್ಜನನ್ನೋ ತಾತನನ್ನೋ ಕರೆದುಕೊಂಡು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಟೈರಿನ ಗೀರಿನ ತಳದಲ್ಲಿ ಅಲ್ಲಲ್ಲಿ ಚಿಕ್ಕ ಅಡ್ಡ ದಿಬ್ಬಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ, ಅಲ್ಲಿಗೆ ಆ ಟೈರಿನ ಆಯುಸ್ಸು ಮುಗಿಯಿತು. ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಹುಡುಕಿ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದ ಟೈರು. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿರುತ್ತದೆ. ಗಾಳಿ ನೋಡುವುದು ಗಾಡಿ ಓಡಿ ಟೈರು ಬಿಸಿಯಾಗುವ ಮೊದಲೇ. ಛಾವಣಿಯ ಮೇಲೆ ಸಾಮಾನು ಕಟ್ಟುವುದಾದರೆ ತೂಕದ ಲೆಕ್ಕ ನೀವೇ ಬರೆಯಿರಿ.

ಏನಾದರೂ ಸರಿಯಿಲ್ಲ ಎಂದು ಕಂಡರೆ ದೊಡ್ಡವರಿಗೆ ಧೈರ್ಯವಾಗಿ ಹೇಳಿ. ಪ್ರವಾಸ ಒಂದು ವಾರ ಮುಂದೆ ಹೋದರೆ ಅಳು ಬರುತ್ತದೆ, ನಿಜ. ಸ್ವಲ್ಪ ಅತ್ತು ಮಲಗಿಬಿಡಿ.